ಸ್ಪಾರ್ಸ್ ಕೊಡುವ ‘ಡಿಫರೆಂಟ್ ಅಡ್ರೆಸ್ ಸ್ಪೇಸಸ್’ ಎಚ್ಚರಿಕೆಯನ್ನು ಕಾಸ್ಟ್ ಹಾಕಿ ಮುಚ್ಚಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಲಿನಕ್ಸ್ ನೆಟ್‌ವರ್ಕ್ ಡ್ರೈವರ್ ಒಂದರಲ್ಲಿ ಕಾನ್ಫಿಗ್ ಸ್ಟ್ರಕ್ಟ್‌ನ ಪಾಯಿಂಟರ್‌ಗೆ __ಆರ್‌ಸಿಯು ಗುರುತು ಇದೆ (ಆರ್‌ಸಿಯು, ಅಂದರೆ ರೀಡ್-ಕಾಪಿ-ಅಪ್‌ಡೇಟ್: ಓದುವವರು ಲಾಕ್ ಹಿಡಿಯದೆ ಓದುತ್ತಿರುವಾಗಲೇ ಡೇಟಾ ಬದಲಿಸಲು ಬಿಡುವ ಕರ್ನಲ್ ವಿಧಾನ). ಸ್ಪಾರ್ಸ್ (ಕರ್ನಲ್ ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಸಾಧನ) ಓಡಿಸಿದರೆ ‘ಇನ್‌ಕರೆಕ್ಟ್ ಟೈಪ್ ಇನ್ ಅಸೈನ್‌ಮೆಂಟ್, ಡಿಫರೆಂಟ್ ಅಡ್ರೆಸ್ ಸ್ಪೇಸಸ್’ ಅನ್ನುತ್ತದೆ. ಹೇಗೂ ಮ್ಯೂಟೆಕ್ಸ್ ಲಾಕ್ ಹಿಡಿದೇ ಮುಟ್ಟುತ್ತೇವಲ್ಲ, ಒಂದು __ಫೋರ್ಸ್ ಕಾಸ್ಟ್ (‘ಟೈಪ್ ಬೇಕೆಂದೇ ಬದಲಿಸಿದ್ದೇನೆ, ಸುಮ್ಮನಿರು’ ಎಂದು ಸ್ಪಾರ್ಸ್‌ಗೆ ಹೇಳುವ ಗುರುತು) ಹಾಕಿ ಮುಗಿಸಬಹುದೇ?

ದಯವಿಟ್ಟು ಹಾಕಬೇಡಿ. ‘ಮ್ಯೂಟೆಕ್ಸ್ ಹಿಡಿದಿದ್ದೇನೆ’ ಎಂಬ ನಿಮ್ಮ ಸಮಾಧಾನ ಸರಿಯಾಗಿಯೇ ಇರಬಹುದು. ಆದರೆ ಆ ಮಾತನ್ನು ಕೋಡಿನಲ್ಲೇ ಬರೆಯಲು ದಾರಿ ಇದೆ. ಕಾಸ್ಟ್ ಹಾಕಿದರೆ ಅದು ನಿಮಗೆ ಮಾತ್ರ ಗೊತ್ತಿರುವ ವಿಷಯವಾಗಿ ಉಳಿಯುತ್ತದೆ, ನಾಳೆ ಆ ಲಾಕ್ ತೆಗೆದವರಿಗೆ ಯಾವ ಸುಳಿವೂ ಸಿಗುವುದಿಲ್ಲ.

ಸ್ಪಾರ್ಸ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಶುರು ಮಾಡಿದ್ದು. ಯೂಸರ್ ಮೆಮೊರಿಯ ಪಾಯಿಂಟರನ್ನು ಕರ್ನಲ್ ಒಳಗೆ ನೇರವಾಗಿ ಡಿರೆಫರೆನ್ಸ್ ಮಾಡುವುದನ್ನು ಹಿಡಿಯುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಅದಕ್ಕಾಗಿ __ಯೂಸರ್ ಗುರುತಿನ ಪಾಯಿಂಟರ್ ಬೇರೆ ಅಡ್ರೆಸ್ ಸ್ಪೇಸಿಗೆ ಸೇರಿದ್ದು ಎಂದು ಅದು ಲೆಕ್ಕ ಹಾಕುತ್ತದೆ. 2010ರಲ್ಲಿ ಇದೇ ಉಪಾಯವನ್ನು ಆರ್‌ಸಿಯು ಪಾಯಿಂಟರ್‌ಗಳಿಗೂ ತಂದರು. ಮೆಮೊರಿ ನಿಜಕ್ಕೂ ಬೇರೆ ಕಡೆ ಇದೆ ಎಂದಲ್ಲ. ‘ಇದನ್ನು ಮಾಮೂಲಿ ಪಾಯಿಂಟರಿನಂತೆ ಮುಟ್ಟಬೇಡ, ಗೊತ್ತುಪಡಿಸಿದ ಮ್ಯಾಕ್ರೋ ಮೂಲಕ ಬಾ’ ಎಂದಷ್ಟೇ ಅರ್ಥ. ಮೊದಮೊದಲು ಇದಕ್ಕೆ ಪ್ರತ್ಯೇಕ ಕಾನ್ಫಿಗ್ ಆಯ್ಕೆ ಇತ್ತು, 2017ರಲ್ಲಿ ಅದನ್ನು ತೆಗೆದುಹಾಕಿ, ಸ್ಪಾರ್ಸ್ ಓಡಿಸಿದಾಗಲೆಲ್ಲ ಈ ಪರಿಶೀಲನೆ ಆಗುವಂತೆ ಮಾಡಿದರು. ಮಾಮೂಲಿ ಜಿಸಿಸಿ ಕಂಪೈಲ್‌ನಲ್ಲಿ ಈ ಗುರುತಿನಿಂದ ಯಾವ ತಪಾಸಣೆಯೂ ನಡೆಯುವುದಿಲ್ಲ, ಹಾಗಾಗಿ ಬಿಲ್ಡ್ ಆಯಿತು ಅನ್ನುವುದರಿಂದ ಏನೂ ಸಾಬೀತಾಗದು. (ಲಿನಕ್ಸಿಗೆ ಆರ್‌ಸಿಯು ಬಂದದ್ದು 2002ರಲ್ಲಿ, 2.5 ಸರಣಿಯ ಕಾಲಕ್ಕೆ. ಅದನ್ನು ತಂದವರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ ಒಬ್ಬರು. ಇಲ್ಲಿನ ಕರ್ನಲ್ ಹುಡುಗರಿಗೇ ಇದು ಗೊತ್ತಿರುವುದಿಲ್ಲ, ಅದಕ್ಕೇ ಹೇಳಿದೆ.)

ಇಷ್ಟೊಂದು ಕಟ್ಟುನಿಟ್ಟು ಏಕೆ? ಟ್ರಾನ್ಸ್‌ಮಿಟ್ ದಾರಿಯಲ್ಲಿ ನೀವು ಬರೆದಿರುವ ಎರಡು ಸಾಲನ್ನೇ ನೋಡಿ. ಮೊದಲು ಪ್ರೈವ್->ಸಿಎಫ್‌ಜಿ ನಲ್ ಅಲ್ಲವೇ ಎಂದು ಇಫ್ ಹಾಕಿದ್ದೀರಿ, ಒಳಗೆ ಪ್ರೈವ್->ಸಿಎಫ್‌ಜಿ->ಲೆನ್ ಓದಿದ್ದೀರಿ. ಕಣ್ಣಿಗೆ ಒಂದೇ ಪಾಯಿಂಟರ್, ಆದರೆ ಮೆಮೊರಿಯಿಂದ ಅದನ್ನು ಎರಡು ಸಲ ಓದಬಹುದು. ಆ ಎರಡರ ನಡುವೆ ಇನ್ನೊಂದು ಸಿಪಿಯು ಅಲ್ಲಿಗೆ ನಲ್ ಬರೆದರೆ, ಇಫ್ ಪಾಸಾದ ಮೇಲೂ ಕರ್ನಲ್ ಬೀಳುತ್ತದೆ. ಲೋಕಲ್ ವೇರಿಯಬಲ್‌ಗೆ ತೆಗೆದಿಟ್ಟುಕೊಂಡರೆ ಸಾಕು ಅನ್ನಬೇಡಿ: ಕಂಪೈಲರ್ ಆ ವೇರಿಯಬಲ್ಲನ್ನು ಅಳಿಸಿ ಮತ್ತೆ ಮೂಲದಿಂದಲೇ ಓದಲು ಸ್ವತಂತ್ರ. ಆರ್‌ಸಿಯು_ಡಿರೆಫರೆನ್ಸ್ ಬಳಸಿದರೆ ಒಂದೇ ಸಲ ಓದುತ್ತದೆ. ಬರೆಯುವ ಕಡೆಯೂ ಇದೇ ಕಥೆ. ಬರೀ ‘=’ ಹಾಕಿದರೆ ಎಆರ್‌ಎಂ64ನಂಥ ಸಿಪಿಯುನಲ್ಲಿ ಹೊಸ ಪಾಯಿಂಟರ್ ಮೊದಲು ಕಂಡು, ಸ್ಟ್ರಕ್ಟ್ ಒಳಗಿನ ಫೀಲ್ಡುಗಳು ಆಮೇಲೆ ಕಾಣಿಸಬಹುದು. ಆರ್‌ಸಿಯು_ಅಸೈನ್_ಪಾಯಿಂಟರ್ ಒಳಗಿರುವ ರಿಲೀಸ್ ಸ್ಟೋರ್ ಆ ಕ್ರಮವನ್ನು ಕಾಯುತ್ತದೆ. ಎಕ್ಸ್86 ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಓಡಿಸಿದರೂ ಇಂಥ ದೋಷ ತಲೆ ಎತ್ತದೆ ಇರಬಹುದು, ಆದ್ದರಿಂದಲೇ ಓಡಿಸದೆ ಹಿಡಿಯುವ ಸಾಧನಕ್ಕೆ ಇಲ್ಲಿ ಇಷ್ಟು ಬೆಲೆ.

ಈಗ ನಿಮ್ಮ ಮ್ಯೂಟೆಕ್ಸ್ ವಿಷಯ. ಕಾನ್ಫಿಗ್ ಬದಲಿಸುವ ಫಂಕ್ಷನ್ನಿನಲ್ಲಿ ಹಳೆಯದನ್ನು ಓದಲು ಆರ್‌ಸಿಯು_ಡಿರೆಫರೆನ್ಸ್_ಪ್ರೊಟೆಕ್ಟೆಡ್ ಬಳಸಿ. ಅದರ ಎರಡನೇ ಆರ್ಗ್ಯುಮೆಂಟಿಗೆ ಲಾಕ್‌ಡೆಪ್_ಈಸ್_ಹೆಲ್ಡ್ ಕೊಟ್ಟು, ಒಳಗೆ ನಿಮ್ಮ ಮ್ಯೂಟೆಕ್ಸಿನ ಅಡ್ರೆಸ್ ಹಾಕಿ. ಸ್ಪಾರ್ಸ್ ಸುಮ್ಮನಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರೂವ್_ಆರ್‌ಸಿಯು ಎಂಬ ಪರೀಕ್ಷಾ ಆಯ್ಕೆ ಆನ್ ಇರುವ ಕರ್ನಲ್‌ನಲ್ಲಿ ಯಾರಾದರೂ ಆ ಲಾಕ್ ಹಿಡಿಯದೆ ಅಲ್ಲಿಗೆ ಬಂದರೆ ‘ಸಸ್ಪಿಷಿಯಸ್ ಆರ್‌ಸಿಯು ಯೂಸೇಜ್’ ಎಂದು ಲಾಗ್ ಬೀಳುತ್ತದೆ. ಈ ಜೋಡಿ ನನಗೆ ಬಹಳ ಇಷ್ಟ: ಮ್ಯಾಕ್ರೋ ಬಳಸಲೇಬೇಕು ಎಂದು ಸ್ಪಾರ್ಸ್ ಪಟ್ಟು ಹಿಡಿಯುತ್ತದೆ, ಆ ಮ್ಯಾಕ್ರೋದಲ್ಲಿ ನೀವು ಕೊಟ್ಟ ಮಾತು ನಿಜವೇ ಎಂದು ಕರ್ನಲ್ಲಿನ ಲಾಕ್ ಪರೀಕ್ಷಕ ಲಾಕ್‌ಡೆಪ್ ಕೋಡ್ ಓಡುವಾಗ ನೋಡುತ್ತದೆ. ಆರ್‌ಟಿಎನ್‌ಎಲ್ ಲಾಕಿನಡಿ (ನೆಟ್‌ವರ್ಕ್ ಸಂರಚನೆಯನ್ನು ಕಾಯುವ ಕರ್ನಲ್ ಲಾಕ್) ಇದ್ದರೆ ಆರ್‌ಟಿಎನ್‌ಎಲ್_ಡಿರೆಫರೆನ್ಸ್ ಸಿದ್ಧವಾಗಿಯೇ ಇದೆ. ನಲ್ ಹೌದೋ ಅಲ್ಲವೋ ಎಂದಷ್ಟೇ ನೋಡಲು ಆರ್‌ಸಿಯು_ಆಕ್ಸೆಸ್_ಪಾಯಿಂಟರ್ ಸಾಕು. ಡ್ರೈವರ್ ತೆಗೆಯುವಾಗ, ಬೇರೆ ಯಾರೂ ಆ ಸ್ಟ್ರಕ್ಟನ್ನು ತಲುಪಲಾರರು ಎಂದು ಖಾತ್ರಿ ಇದ್ದರೆ ಷರತ್ತಿನ ಜಾಗದಲ್ಲಿ 1 ಹಾಕುವ ರೂಢಿಯೂ ಇದೆ; ಹಾಕಿದರೆ ಏಕೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ.

__ಆರ್‌ಸಿಯು ಗುರುತು ಹಾಕುವ ಜಾಗವನ್ನೂ ಗಮನಿಸಿ. ಅದು ನಕ್ಷತ್ರದ (*) ಎಡಕ್ಕೆ, ಸ್ಟ್ರಕ್ಟ್ ಹೆಸರಾದ ಮೇಲೆ ಬರಬೇಕು. ಬಲಕ್ಕೆ ಹಾಕಿದರೆ ಪಾಯಿಂಟರ್ ತೋರಿಸುವ ವಸ್ತುವಿನ ಬದಲು ಪಾಯಿಂಟರಿಗೇ ಗುರುತು ಬಿದ್ದು, ತಲೆಬುಡ ಇಲ್ಲದ ಎಚ್ಚರಿಕೆಗಳು ಬರುತ್ತವೆ.

ಇನ್ನು, ಸ್ಪಾರ್ಸ್ ಮೌನವಾಗಿದೆ ಎಂದು ನಿಶ್ಚಿಂತರಾಗಬೇಡಿ. ಆರ್‌ಸಿಯು_ಡಿರೆಫರೆನ್ಸ್ ಹಿಂತಿರುಗಿಸುವುದು ಗುರುತು ಕಳಚಿದ ಮಾಮೂಲಿ ಪಾಯಿಂಟರ್. ಅದನ್ನು ಆರ್‌ಸಿಯು_ರೀಡ್_ಅನ್‌ಲಾಕ್ (ಓದು ಮುಗಿಯಿತು ಎಂಬ ಸೂಚನೆ) ಆದ ಮೇಲೆ ಬಳಸಿದರೆ, ಅಷ್ಟರಲ್ಲಿ ಆ ಮೆಮೊರಿ ಬಿಡುಗಡೆಯಾಗಿರಬಹುದಾದರೂ, ಸ್ಪಾರ್ಸ್ ಚಕಾರ ಎತ್ತುವುದಿಲ್ಲ. ಲಾಕ್‌ಡೆಪ್ ಕೂಡ ಅಷ್ಟೇ, ಅದು ನೋಡುವುದು ಪಾಯಿಂಟರ್ ಓದಿದ ಕ್ಷಣವನ್ನು ಮಾತ್ರ. ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಫಂಕ್ಷನ್ನಿನಲ್ಲಿ ಆಗಿರುವುದು ಇದೇ: ಅನ್‌ಲಾಕ್ ಮಾಡಿ, ಮುಂದಿನ ಸಾಲಿನಲ್ಲಿ ಸಿಎಫ್‌ಜಿ->ಲೆನ್ ಹಿಂತಿರುಗಿಸಿದ್ದೀರಿ. ಬೇಕಾದ ಸಂಖ್ಯೆಯನ್ನು ಅನ್‌ಲಾಕ್‌ಗೆ ಮೊದಲೇ ಲೋಕಲ್‌ಗೆ ನಕಲಿಸಿಕೊಳ್ಳಿ. ಇಡೀ ಸ್ಟ್ರಕ್ಟ್ ಹೆಚ್ಚು ಹೊತ್ತು ಬೇಕಿದ್ದರೆ ಅನ್‌ಲಾಕ್‌ಗೆ ಮೊದಲೇ ರೆಫ್‌ಕೌಂಟ್_ಇಂಕ್_ನಾಟ್_ಝೀರೋ ಮೂಲಕ ರೆಫರೆನ್ಸ್ ಹಿಡಿಯಿರಿ. ಎಚ್ಚರಿಕೆಯೇ ಬಾರದ ಈ ಸಾಲು, ನೀವು ಕೇಳಿದ ಸಾಲಿಗಿಂತ ಹೆಚ್ಚು ಅಪಾಯದ್ದು. ಮೊದಲು ಇದನ್ನು ಸರಿಮಾಡಿ.

ಹಳೆಯ ಕಾನ್ಫಿಗನ್ನು ನೇರ ಕೆಫ್ರೀ (ಕೂಡಲೇ ಮೆಮೊರಿ ಬಿಡುಗಡೆ) ಮಾಡುತ್ತಿದ್ದರೆ ಅದನ್ನೂ ಬಿಡಿ. ಸ್ಟ್ರಕ್ಟ್ ಒಳಗೆ ಆರ್‌ಸಿಯು_ಹೆಡ್ ಇಟ್ಟು ಕೆಫ್ರೀ_ಆರ್‌ಸಿಯು ಕರೆಯಿರಿ, ಅದು ಆಗಲೇ ಓದುತ್ತಿರುವವರು ಮುಗಿಸುವ ತನಕ ಕಾಯುತ್ತದೆ. ಆಮೇಲೆ ಮೇಕ್‌ಗೆ ಸಿ=2 ಕೊಟ್ಟು ನಿಮ್ಮ ಡ್ರೈವರಿನ ಫೋಲ್ಡರನ್ನು ಪರೀಕ್ಷಿಸಿ. ಸಿ=1 ಆದರೆ ಹೊಸದಾಗಿ ಕಂಪೈಲ್ ಆಗುವ ಫೈಲುಗಳನ್ನಷ್ಟೇ ನೋಡುತ್ತದೆ, ಸಿ=2 ಎಲ್ಲವನ್ನೂ ನೋಡುತ್ತದೆ. ಅದು ಶುದ್ಧವಾದ ಮೇಲೆ ಪ್ರೂವ್_ಲಾಕಿಂಗ್ (ಲಾಕ್‌ಡೆಪ್ ತಪಾಸಣೆ) ಮತ್ತು ಕೆಎಎಸ್‌ಎಎನ್ (ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದರೆ ಹಿಡಿಯುವ ಸಾಧನ) ಎರಡೂ ಆನ್ ಇರುವ ಕರ್ನಲ್ ಬೂಟ್ ಮಾಡಿ. ಟ್ರಾಫಿಕ್ ಹರಿಯುತ್ತಿರುವಾಗಲೇ ಒಂದು ಕಡೆಯಿಂದ ಕಾನ್ಫಿಗ್ ಬದಲಿಸುತ್ತ, ಇನ್ನೊಂದು ಕಡೆಯಿಂದ ಸ್ಟ್ಯಾಟಿಸ್ಟಿಕ್ಸ್ ಓದುತ್ತ ಲೂಪಿನಲ್ಲಿ ಬಿಡಿ. ಲಾಗ್ ಏನಾದರೂ ಬಂದರೆ ಇಲ್ಲೇ ಹಾಕಿ, ನೋಡುತ್ತೇನೆ.