ಉ: ಒಪಿಡಿ ಮುಚ್ಚಿದ ಮೇಲೆ ಫೋನ್ ಮೆನು

ಆಸ್ಪತ್ರೆಯ ಒಪಿಡಿ (ಹೊರರೋಗಿ ವಿಭಾಗ) 5ಕ್ಕೆ ಮುಚ್ಚುತ್ತೆ, ಲ್ಯಾಬ್ 8ರವರೆಗೆ ಇರುತ್ತೆ, ಫೋನ್ ಕರೆ ನಡೆಸೋ ಸಾಫ್ಟ್‌ವೇರ್ ಆದ ಆಸ್ಟರಿಸ್ಕ್‌ನಲ್ಲಿ ಒಂದೇ ಮೆನು ಹೇಗೆ ಅಂತ ಕೇಳಿದ್ದೀರಿ. ಪ್ರತಿ ವಿಭಾಗಕ್ಕೂ ಬೇರೆ ಬೇರೆ, ಸಮಯ ನೋಡಿ ಕರೆ ತಿರುಗಿಸೋ ‘ಗೋಟುಇಫ್‌ಟೈಮ್’ ಹಾಕಿ. ಎರಡನೇ ಶನಿವಾರದ ರಜೆಗೆ ವಾರ ಶನಿವಾರ, ತಾರೀಖು 8ರಿಂದ 14 ಅಂತ ಕೊಡಿ. ಎರಡೂ ಕೂಡಿ ಬಂದಾಗ ಮಾತ್ರ ಅದು ಹಿಡಿಯುತ್ತೆ. ನವೆಂಬರ್ 1ರಂಥ ರಜೆಗಳ ಸಾಲು ಎಲ್ಲಕ್ಕಿಂತ ಮೇಲಿರಲಿ.

ಮುಚ್ಚಿದ ವಿಭಾಗದ ಹೆಸರು ಓದಿಸಬೇಡಿ, ಆದರೆ ನಂಬರ್ ಮಾತ್ರ ಬದಲಿಸಬೇಡಿ. ಲ್ಯಾಬಿಗೆ 2 ಒತ್ತಿ ರೂಢಿಯಾದವರು ಪೂರ್ತಿ ಕೇಳಲ್ಲ, ಅಲ್ವಾ? ಸುಮ್ನೆ ‘ನಾಳೆ ಫೋನ್ ಮಾಡಿ’ ಅಂತ ರೆಕಾರ್ಡ್ ಮಾಡಬೇಡಿ, ಶನಿವಾರ ಸಂಜೆ ಅದು ಸುಳ್ಳಾಗುತ್ತೆ.

ಸರ್ವರ್ ಗಡಿಯಾರವನ್ನೂ ನೋಡಿ. ವಿಜಯಪುರದಲ್ಲಿ ಒಂದು ಕಡೆ ನಾನು ಅದನ್ನ ಯುಟಿಸಿಯಲ್ಲೇ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಸಮಯ) ಬಿಟ್ಟಿದ್ದೆ. 9ಕ್ಕೆ ತೆರೆಯಬೇಕಾದ ಮೆನು ಮಧ್ಯಾಹ್ನ ಎರಡೂವರೆಗೆ ತೆರೆಯಿತು. ರಿಸೆಪ್ಶನ್ ಅಕ್ಕ ನನ್ನ ಮೊಬೈಲ್‌ಗೇ ಫೋನ್ ಮಾಡಿ ಬೈದರು.