ರಾಡಾರ್ ಬೇಡ, ಫೈಲ್‌ಬಾಟೂ ಬೇಡ, ಮೊದಲು ಡಿಸ್ಕ್ ಮೌಂಟ್ ಆಗಿದೆಯಾ ನೋಡಿ

ವಿರಾಜಪೇಟೆ ಮನೆಯ ಡಿವಿಡಿ, ಮದುವೆ ವಿಡಿಯೋ ಎಲ್ಲಾ ಜೆಲ್ಲಿಫಿನ್‌ಗೆ (ಮನೆಯ ಸಿನಿಮಾ, ವಿಡಿಯೋಗಳನ್ನ ಟಿವಿ, ಫೋನಲ್ಲಿ ತೋರಿಸೋ ಸಾಫ್ಟ್‌ವೇರ್) ಹಾಕ್ಬೇಕು, ಫೈಲ್ ಬಿದ್ದ ಕೂಡಲೇ ತಾನಾಗೇ ಹೆಸರು ತಿದ್ದಿಕೊಂಡು ಜಾಗ ಸೇರ್ಬೇಕು, ಅದಕ್ಕೆ ರಾಡಾರ್ (Radarr) ಅನ್ನೋ ಸಾಫ್ಟ್‌ವೇರಾ, ಫೈಲ್ ಹೆಸರು ತಿದ್ದೋ ಫೈಲ್‌ಬಾಟಾ ಅಂತ ಕೇಳಿದೀರಿ. ಎರಡೂ ಬೇಡ. ಗಾಳಿಬೀಡಲ್ಲಿ ಕೂತು ನಾನೂ ಇದೇ ಹುಚ್ಚು ಹಿಡಿಸಿಕೊಂಡಿದ್ದೆ, ದೊಡ್ಡಮ್ಮನ ಮದುವೆ ವಿಡಿಯೋ ಹೋಯ್ತು.

ಪುಟ್ಟ ಮಿನಿ ಪಿಸಿ, ಒಳಗೆ ಸಣ್ಣ ಎಸ್‌ಎಸ್‌ಡಿ, ಹೊರಗೆ ಸಿನಿಮಾಗಳಿಗೆ ಯುಎಸ್‌ಬಿ ಡಿಸ್ಕ್. ಹೊಸ ಫೈಲ್‌ಗಳನ್ನೆಲ್ಲ ರಾತ್ರಿ ಒಂದು ಸ್ಕ್ರಿಪ್ಟ್ ಡಿಸ್ಕಿಗೆ ಸಾಗಿಸ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳ್ಬೇಕಾಗಿಲ್ಲ. ಹೋಗಿ ಬಂದಾಗ ಪಿಸಿ ಎದ್ದಿತು, ಡಿಸ್ಕ್ ಏಳಲಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರ್ಬೇಕು ಅಂತ ಲಿನಕ್ಸ್‌ಗೆ ಹೇಳೋ ಎಫ್‌ಎಸ್‌ಟ್ಯಾಬ್ (fstab) ಫೈಲ್‌ನಲ್ಲಿ ನಾನು 'ನೋಫೇಲ್' (nofail) ಅಂತ ಬರೆದಿದ್ದೆ, ಅಂದ್ರೆ ಡಿಸ್ಕ್ ಸಿಗದಿದ್ರೂ ಸಿಸ್ಟಮ್ ಸುಮ್ಮನೆ ಬೂಟ್ ಆಗುತ್ತೆ. ಡಿಸ್ಕ್ ಇಲ್ಲದಿದ್ರೂ ಅದು ಮೌಂಟ್ ಆಗೋ (ಅಂದ್ರೆ ಸಿಸ್ಟಮ್‌ಗೆ ಜೋಡಿಕೊಳ್ಳೋ) ಫೋಲ್ಡರ್ ಮಾತ್ರ ಎಸ್‌ಎಸ್‌ಡಿಯಲ್ಲಿ ಖಾಲಿ ಇರುತ್ತಲ್ಲ, ಸ್ಕ್ರಿಪ್ಟ್ ಎಲ್ಲವನ್ನೂ ಅದರೊಳಗೇ ತುಂಬಿತು. ಇನ್ನೊಂದು ಸಲ ಕರೆಂಟ್ ಹೋಗಿ ಬಂದಾಗ ಡಿಸ್ಕ್ ಸರಿಯಾಗಿ ಮೌಂಟ್ ಆಯ್ತು. ಅದೇ ಫೋಲ್ಡರ್ ಮೇಲೆ! ಕೆಳಗಿದ್ದ ಫೈಲ್‌ಗಳೆಲ್ಲ ಪಾತ್ರೆಗೆ ಮುಚ್ಚಳ ಬಿದ್ದ ಹಾಗೆ ಮರೆಯಾದ್ವು.

ಎಸ್‌ಎಸ್‌ಡಿ ತುಂಬಿದೆ ಅಂತ ಡಿಸ್ಕಲ್ಲಿ ಉಳಿದ ಜಾಗ ತೋರಿಸೋ 'ಡಿಎಫ್' (df) ಕಮಾಂಡ್ ಹೇಳುತ್ತೆ, ಕಣ್ಣಿಗೆ ಕಾಣೋ ಫೈಲ್‌ಗಳ ಗಾತ್ರ ಕೂಡಿಸೋ 'ಡಿಯು' (du) ಹಾಕಿದ್ರೆ ಅಷ್ಟು ಫೈಲೇ ಇಲ್ಲ. ನಾನು ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಂಡು ಫಾರ್ಮ್ಯಾಟ್ ಮಾಡಿ ಮತ್ತೆ ಲಿನಕ್ಸ್ ಹಾಕಿದೆ. ದೊಡ್ಡಮ್ಮನ ಕ್ಯಾಸೆಟ್ಟಿನಿಂದ ಮಾಡಿಸಿದ ಫೈಲ್ ಆ ಮುಚ್ಚಳದ ಕೆಳಗಿತ್ತು. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟನ್ನ 'ಇನ್ನೇನು ಮಾಡೋದು' ಅಂತ ಮೊದಲೇ ಎಸೆದಾಗಿತ್ತು. ದೊಡ್ಡಮ್ಮನಿಗೆ ಇವತ್ತಿಗೂ 'ಹುಡುಕ್ತಾ ಇದ್ದೀನಿ' ಅಂತಲೇ ಹೇಳ್ತಾ ಬಂದಿದೀನಿ.

ಈಗ ನಿಮ್ಮ ವಿಷಯ. ರಾಡಾರ್ ಇರೋದೇ ಹೊಸ ಸಿನಿಮಾ ಹುಡುಕಿ ತರಿಸೋಕೆ. ಮನೆಯಲ್ಲಿರೋ ಡಿವಿಡಿಗೆ ಅದರ ಹಂಗೇಕೆ? ಫೈಲ್‌ಬಾಟ್ ಮಾಡೋ ಕೆಲಸ ಕೈಯಲ್ಲೇ ಮಾಡ್ಕೊಳ್ಳಿ: ಒಂದೊಂದು ಸಿನಿಮಾಗೆ ಒಂದೊಂದು ಫೋಲ್ಡರ್ ಮಾಡಿ, ಹೆಸರಿನ ಪಕ್ಕ ಬ್ರಾಕೆಟ್ಟಲ್ಲಿ ಇಸವಿ ಹಾಕಿ. ಇಸವಿ ಬಿಡಬೇಡಿ: 'ಗಂಧದ ಗುಡಿ' 1973ರದ್ದೂ ಇದೆ, 2022ರದ್ದೂ ಇದೆ, ಬರೀ ಹೆಸರಿಟ್ರೆ ಜೆಲ್ಲಿಫಿನ್ ಅಣ್ಣಾವ್ರ ಸಿನಿಮಾಗೆ ಅಪ್ಪು ಪೋಸ್ಟರ್ ಅಂಟಿಸಿಬಿಡಬಹುದು. ಮದುವೆ ವಿಡಿಯೋಗಳಿಗೆ ಬೇರೆ ಲೈಬ್ರರಿ ಮಾಡಿ.

ಡಿಸ್ಕ್ ಅನ್‌ಮೌಂಟ್ ಮಾಡಿ, ಖಾಲಿ ಮೌಂಟ್ ಫೋಲ್ಡರ್ ಮೇಲೆ 'ಚ್ಯಾಟ್ರ್ +ಐ' (chattr +i) ಕಮಾಂಡ್ ಓಡಿಸಿ. ಆಮೇಲೆ ಡಿಸ್ಕ್ ಇಲ್ಲದಾಗ ರೂಟ್ ಯೂಸರ್ ಕೂಡ ಅದರೊಳಗೆ ಏನೂ ಬರೆಯೋಕಾಗಲ್ಲ, ಡಿಸ್ಕ್ ಮೌಂಟ್ ಆಗೋಕೆ ತೊಂದರೆ ಇಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕನ್ನ ಯುಯುಐಡಿಯಿಂದಲೇ (UUID, ಅದಕ್ಕೇ ಅಂತ ಇರೋ ಗುರುತಿನ ಸಂಖ್ಯೆ) ಗುರುತಿಸಿ. ಯುಪಿಎಸ್ ತಂದ್ರೆ ಡಿಸ್ಕಿನ ಅಡಾಪ್ಟರನ್ನೂ ಅದಕ್ಕೇ ಚುಚ್ಚಿ. ತುಂಬಾ ಜನ ಪಿಸಿ ಮಾತ್ರ ಚುಚ್ಚಿ ಸುಮ್ಮನಾಗ್ತಾರೆ.

ಡಿಎಫ್ ಲೆಕ್ಕಕ್ಕೂ ಡಿಯು ಲೆಕ್ಕಕ್ಕೂ ನಿಮ್ಮಲ್ಲೂ ತಾಳೆ ಆಗ್ತಿಲ್ಲ ಅಂದ್ರೆ ಫಾರ್ಮ್ಯಾಟ್ ತಂಟೆಗೆ ಹೋಗಬೇಡಿ. ಜೆಲ್ಲಿಫಿನ್ ನಿಲ್ಲಿಸಿ, ಡಿಸ್ಕ್ ಅನ್‌ಮೌಂಟ್ ಮಾಡಿ, ಅದೇ ಫೋಲ್ಡರನ್ನ ಇನ್ನೊಂದು ಸಲ ತೆರೆದು ನೋಡಿ.