1000 ವ್ಯಾಟ್‌ನ ಗ್ರೋ ಲೈಟ್ ಅಗ್ಗ, 100 ವ್ಯಾಟ್‌ನದು ದುಬಾರಿ: ಯಾವುದು ತಗೊಳ್ಳಲಿ?

ಬಾಲ್ಕನಿಗೆ ಬಿಸಿಲಿಲ್ಲ, ಮನೆಯೊಳಗೆ 4 ಅಡಿ ಉದ್ದ 2 ಅಡಿ ಅಗಲದ ರ್‍ಯಾಕ್‌ನಲ್ಲಿ ಕೊತ್ತಂಬರಿ, ಪುದೀನ, ಲೆಟ್ಯೂಸ್ ಬೆಳೆಸಬೇಕು, ಕರೆಂಟ್ ಬಿಲ್ ಏರಬಾರದು ಅಂದಿದ್ದೀರಿ. ಮೊದಲು ಆ 1000 ವ್ಯಾಟ್ ಮರೆತುಬಿಡಿ. ಅಗ್ಗದ ನೇರಳೆ ಲೈಟುಗಳ ಡಬ್ಬದ ಮೇಲಿನ ಲೆಕ್ಕ ಹೀಗಿರುತ್ತದೆ: ಒಳಗೆ 100 ಎಲ್‌ಇಡಿ, ಒಂದೊಂದೂ 10 ವ್ಯಾಟ್‌ನದು, ಗುಣಿಸಿದರೆ ಸಾವಿರ. ಅಷ್ಟು ಕರೆಂಟನ್ನು ಅವುಗಳಿಗೆ ಕೊಡುವುದೇ ಇಲ್ಲ. ಎಷ್ಟೋ ಲೈಟುಗಳು ನಿಜಕ್ಕೂ ಎಳೆಯುವುದು ನೂರು, ಇನ್ನೂರು ವ್ಯಾಟ್ ಅಷ್ಟೇ.

ಬೈಕ್ ತಗೊಳ್ಳುವಾಗ ಟ್ಯಾಂಕ್ ಎಷ್ಟು ದೊಡ್ಡದು ಅಂತ ಯಾರೂ ಕೇಳುವುದಿಲ್ಲ, 'ಎಷ್ಟು ಕೊಡುತ್ತೆ' ಅಂತಲೇ ಕೇಳುವುದು. ಇಲ್ಲಿ ಆ ಮೈಲೇಜ್‌ನ ಹೆಸರು ಮೈಕ್ರೋಮೋಲ್ ಪರ್ ಜೂಲ್. ಮೈಕ್ರೋಮೋಲ್ ಅಂದರೆ ಬೆಳಕಿನ ಕಣಗಳನ್ನು ಎಣಿಸುವ ಅಳತೆ, ಜೂಲ್ ಅಂದರೆ ಖರ್ಚಾಗುವ ಶಕ್ತಿಯ ಅಳತೆ. ಲೈಟ್ ಸೆಕೆಂಡಿಗೆ ಉಗುಳುವ, ಗಿಡಕ್ಕೆ ಬೇಕಾದ ಬೆಳಕಿಗೆ ಪಿಪಿಎಫ್ ಅನ್ನುತ್ತಾರೆ. ಅದನ್ನು ಲೈಟ್ ಗೋಡೆಯ ಪ್ಲಗ್ಗಿನಿಂದ ಎಳೆಯುವ ವ್ಯಾಟ್‌ನಿಂದ ಭಾಗಿಸಿ. 2.5 ದಾಟಿದರೆ ಒಳ್ಳೆಯ ಲೈಟ್. 1.5ರ ಆಸುಪಾಸಿನಲ್ಲಿದ್ದರೆ ಹಳೆಯ ಸೋಡಿಯಂ ದೀಪಕ್ಕಿಂತ ಏನೂ ಮೇಲಲ್ಲ. ಲ್ಯೂಮೆನ್ ನೋಡಿ ಹೋಲಿಸಬೇಡಿ, ಅದು ನಮ್ಮ ಕಣ್ಣಿಗೆ ಮಾಡಿದ ಅಳತೆ, ಹಸಿರು ಬೆಳಕಿಗೆ ಜಾಸ್ತಿ ಅಂಕ ಕೊಡುತ್ತದೆ.

ನಿಮ್ಮ ರ್‍ಯಾಕ್‌ಗೇ ಲೆಕ್ಕ ಹಾಕೋಣ. ಸೊಪ್ಪಿಗೆ ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬೆಳಕು ದಿನಕ್ಕೆ 14 ಗಂಟೆ ಸಿಕ್ಕರೆ ಸಾಕು. ನಿಮ್ಮ ಜಾಗಕ್ಕೆ ಅದು ಹೆಚ್ಚುಕಡಿಮೆ 150 ಪಿಪಿಎಫ್. 1.5ರ ಲೈಟ್‌ಗೆ ಇದಕ್ಕೆ 100 ವ್ಯಾಟ್ ಬೇಕು, 2.7ರದ್ದಕ್ಕೆ 55. ವರ್ಷಕ್ಕೆ ಸುಮಾರು 230 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 1,380 ರೂಪಾಯಿ ಆಯಿತು. ಎರಡು ಲೈಟ್‌ಗಳ ಬೆಲೆಯ ಅಂತರವನ್ನು ಇದರ ಪಕ್ಕ ಇಟ್ಟು ನೋಡಿ, ಎಷ್ಟು ವರ್ಷಕ್ಕೆ ದುಡ್ಡು ವಾಪಸ್ ಬರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

'ಸ್ಯಾಮ್‌ಸಂಗ್ ಚಿಪ್' ಅಂತ ಬರೆದಿದ್ದಾರೆ ಅಂತ ಸುಮ್ನೆ ಮಾರುಹೋಗಬೇಡಿ. ಅವರ ಎಲ್‌ಎಂ301 ಎಂಬ ಎಲ್‌ಇಡಿ ಚಿಪ್ ಒಳ್ಳೆಯದೇ. ಆದರೆ ಕಡಿಮೆ ಚಿಪ್ ಹಾಕಿ, ಒಂದೊಂದಕ್ಕೂ ಜಾಸ್ತಿ ಕರೆಂಟ್ ನುಗ್ಗಿಸಿದರೆ ಮೈಲೇಜ್ ಬೀಳುತ್ತದೆ. ಚಿಪ್‌ಗಳಿಗೆ ಕರೆಂಟ್ ಹದಮಾಡಿ ಕೊಡುವ ಡ್ರೈವರ್‌ನಲ್ಲೂ ಒಂದಿಷ್ಟು ಕರೆಂಟ್ ಶಾಖವಾಗಿ ಸೋರುತ್ತದೆ. ಹಾಗಾಗಿ ಚಿಪ್ಪಿನ ಅಂಕಿ ಬೇಡ, ಇಡೀ ಲೈಟಿನದ್ದು ಕೇಳಿ. ಅಂಗಡಿಯವರು ಪಿಪಿಎಫ್ ಹೇಳದಿದ್ದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ.

ತಂದ ಮೇಲೆ ವ್ಯಾಟ್ ಪರೀಕ್ಷೆ ಮಾಡುವುದಕ್ಕೆ ಹೊಸ ಯಂತ್ರವೇನೂ ಬೇಡ. ಫ್ರಿಜ್ ಸಮೇತ ಎಲ್ಲಾ ಆಫ್ ಮಾಡಿ, ಲೈಟ್ ಒಂದನ್ನೇ ಹಾಕಿ, ಮನೆಯ ಕರೆಂಟ್ ಮೀಟರ್‌ನ ಕೆಂಪು ದೀಪ ಮಿಟುಕುವುದನ್ನು ಎಣಿಸಿ. ಯೂನಿಟ್‌ಗೆ ಎಷ್ಟು ಮಿಟುಕು ಅಂತ ಮೀಟರ್ ಮೇಲೇ ಇರುತ್ತದೆ. 3200 ಇದ್ದರೆ, 100 ವ್ಯಾಟ್‌ನ ಲೈಟ್‌ಗೆ 10 ನಿಮಿಷದಲ್ಲಿ 53 ಸಲ ಮಿಟುಕಬೇಕು. ನಿಜವಾದ 1000 ವ್ಯಾಟ್ ಆಗಿದ್ದರೆ ಎಣಿಸುವುದೇ ಕಷ್ಟ!

ಇನ್ನೊಂದು ಮಾತು. ಬರೀ ಮೈಕ್ರೋಗ್ರೀನ್ಸ್ (ಎಳೆಯದಿರುವಾಗಲೇ ಕತ್ತರಿಸಿ ತಿನ್ನುವ ಪುಟ್ಟ ಸಸಿಗಳು) ಸಾಕು ಅನ್ನುವುದಾದರೆ ಗ್ರೋ ಲೈಟ್ ಗೊಡವೆಯೇ ಬೇಡ. 20 ವ್ಯಾಟ್‌ನ, 2000 ಲ್ಯೂಮೆನ್‌ನ ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್‌ಗೂ 1.4ರಷ್ಟು ಮೈಲೇಜ್ ಇದೆ. ಅಂಥ ಎರಡು ಮೂರನ್ನು ಟ್ರೇಗೆ ಹತ್ತಿರ ಕಟ್ಟಿದರೆ ಆಯಿತು. ಟೊಮ್ಯಾಟೊ, ಮೆಣಸಿನಕಾಯಿ ಆಸೆ ಇದ್ದರೆ ಸೊಪ್ಪಿಗೆ ಬೇಕಾದದ್ದರ ಎರಡು ಮೂರು ಪಟ್ಟು ಬೆಳಕು ಬೇಕು. ಆಗ ದುಬಾರಿಯದ್ದನ್ನೇ ತಗೊಳ್ಳಿ.